ಗೇಮ್ ಲೈವ್ ಹಾಕುವಾಗ ಭಾರ ಹೊರಬೇಕಾದ್ದು ಯಾರು: ಪ್ರೊಸೆಸರೋ, ಗ್ರಾಫಿಕ್ಸ್ ಕಾರ್ಡೋ?

ಆಡುವವರಿಗೆ ಗೇಮ್ ಸಲೀಸಾಗಿ ಓಡುತ್ತಿರುತ್ತದೆ. ನೋಡುವವರಿಗೆ ಮಾತ್ರ ತಡೆತಡೆದು ಕಾಣುತ್ತದೆ. ಚಾಟ್‌ನಲ್ಲಿ 'ಅಣ್ಣಾ, ಲ್ಯಾಗ್ ಆಗ್ತಿದೆ' ಅಂತ ಒಬ್ಬರಾದ ಮೇಲೊಬ್ಬರು ಬರೆಯುತ್ತಾರೆ. ಕೂಡಲೇ ನಾವು ಬೈಯುವುದು ಇಂಟರ್ನೆಟ್ ಕಂಪನಿಯನ್ನು. ಆದರೆ ಎಷ್ಟೋ ಸಲ ತೊಂದರೆ ಇರುವುದು ಲೈವ್ ಕಳಿಸಲು ಬಳಸುವ ಒಬಿಎಸ್ ಸಾಫ್ಟ್‌ವೇರ್‌ನ ಒಂದು ಆಯ್ಕೆಯಲ್ಲಿ. ಅದೇ ಎನ್‌ಕೋಡರ್.

1080ಪಿ ಪರದೆಯಲ್ಲಿ 20 ಲಕ್ಷಕ್ಕೂ ಜಾಸ್ತಿ ಚುಕ್ಕಿಗಳಿವೆ. ಸೆಕೆಂಡಿಗೆ 60 ಚಿತ್ರಗಳಂತೆ ಇದನ್ನು ಇದ್ದ ಹಾಗೇ ಕಳಿಸಬೇಕೆಂದರೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್ ಬೇಕು. ಗೇಮ್ ಲೈವ್ ತೋರಿಸುವ ಟ್ವಿಚ್ ತಾಣಕ್ಕೆ ನಾವು ಕಳಿಸುವುದು 6 ಮೆಗಾಬಿಟ್. ಅಂದರೆ 500ರಲ್ಲಿ ಒಂದು ಪಾಲು! ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಏನು ಬದಲಾಗಿದೆ ಎಂದು ಹುಡುಕಿ, ಬದಲಾದದ್ದನ್ನಷ್ಟೇ ಉಳಿಸಿಕೊಂಡು ಕುಗ್ಗಿಸುವ ಕೆಲಸ ಎನ್‌ಕೋಡರ್‌ನದು. ಒಂದು ಚಿತ್ರಕ್ಕೆ ಸರಾಸರಿ ಸಿಗುವ ಸಮಯ 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಮುಗಿಸುತ್ತಾ ಹೋಗದಿದ್ದರೆ ಚಿತ್ರಗಳು ಬಿಟ್ಟುಹೋಗುತ್ತವೆ.

ಈ ಕೆಲಸಕ್ಕೆ ಎರಡು ದಾರಿ. ಒಂದು, ಎಕ್ಸ್264 ಎಂಬ ಸಾಫ್ಟ್‌ವೇರ್. ವಿಎಲ್‌ಸಿ ಪ್ಲೇಯರ್ ಕೊಟ್ಟ ವಿಡಿಯೋಲ್ಯಾನ್ ಬಳಗದ್ದೇ ಇದು. ಪೂರ್ತಿ ಪ್ರೊಸೆಸರ್ ಮೇಲೆ ಓಡುತ್ತದೆ. ಇನ್ನೊಂದು, ಗ್ರಾಫಿಕ್ಸ್ ಚಿಪ್‌ನೊಳಗೇ ಎನ್‌ಕೋಡಿಂಗ್‌ಗೆಂದು ಇರುವ ಪ್ರತ್ಯೇಕ ಭಾಗ. ಎನ್‌ವಿಡಿಯಾ ಇದನ್ನು ಎನ್‌ವೆಂಕ್ ಹೆಸರಲ್ಲಿ 2012ರಿಂದ ಕೊಡುತ್ತಿದೆ. ಇಂಟೆಲ್‌ನ ಕ್ವಿಕ್ ಸಿಂಕ್ ಅದಕ್ಕಿಂತ ಒಂದು ವರ್ಷ ಹಳೆಯದು. ಎಎಂಡಿ ಕಾರ್ಡ್ ಇದ್ದರೆ ಒಬಿಎಸ್‌ನಲ್ಲಿ ಅದರ ಹೆಸರಿನದೇ ಆಯ್ಕೆ ಕಾಣುತ್ತದೆ. ಗೇಮ್ ಬಿಡಿಸುವ ಕೋರ್‌ಗಳೇ ಬೇರೆ, ಈ ಭಾಗವೇ ಬೇರೆ. 'ಕಾರ್ಡ್ ಮೊದಲೇ ಒದ್ದಾಡ್ತಿದೆ, ಎನ್‌ಕೋಡಿಂಗನ್ನೂ ಅದರ ತಲೆಗೆ ಕಟ್ಟೋದಾ?' ಎಂದು ಹೆದರುವವರು ಇದನ್ನು ನೆನಪಿಡಬೇಕು.

ಹೆಜ್ಜೆ 1: ನಿಮ್ಮ ಹತ್ತಿರ ಏನಿದೆ, ನೋಡಿ

ಗ್ರಾಫಿಕ್ಸ್ ಕಾರ್ಡ್ ಇದ್ದ ಮಾತ್ರಕ್ಕೆ ಎನ್‌ಕೋಡರ್ ಇರುತ್ತದೆ ಎಂದೇನಿಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ ಕಡಿಮೆ ಬಜೆಟ್‌ನಲ್ಲಿ ಪಿಸಿ ಜೋಡಿಸುವವರು ಇಲ್ಲೇ ಎಡವುವುದು. ಒಂದು ಜೋಡಿ ನೋಡಿ: ಐ5-12400ಎಫ್ ಪ್ರೊಸೆಸರ್, ಜೊತೆಗೆ ಎಎಂಡಿ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್. ಆಡಲು ಏನೂ ತೊಂದರೆಯಿಲ್ಲ. ಆದರೆ ಈ ಕಾರ್ಡ್‌ನಲ್ಲಿ ವಿಡಿಯೋ ಎನ್‌ಕೋಡರನ್ನೇ ಇಟ್ಟಿಲ್ಲ. ಅದರ ತಮ್ಮ ಆರ್‌ಎಕ್ಸ್ 6400 ಕಥೆಯೂ ಅದೇ. ಹೋಗಲಿ, ಇಂಟೆಲ್‌ನ ಕ್ವಿಕ್ ಸಿಂಕ್ ಆದರೂ ಇದೆಯಾ ಅಂದರೆ, ಪ್ರೊಸೆಸರ್ ಹೆಸರಿನ ಕೊನೆಯಲ್ಲಿ 'ಎಫ್' ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ, ಕ್ವಿಕ್ ಸಿಂಕ್ ಕೂಡ ಇಲ್ಲ. ಉಳಿಯುವುದು ಎಕ್ಸ್264 ಒಂದೇ. ಎಫ್ ಇಲ್ಲದ 12400 ತೆಗೆದುಕೊಂಡಿದ್ದರೆ ಆಯ್ಕೆ ಕೈಯಲ್ಲಿರುತ್ತಿತ್ತು.

ಎನ್‌ವಿಡಿಯಾ ಜಿಟಿ 1030ರಲ್ಲೂ ಎನ್‌ವೆಂಕ್ ಇಲ್ಲ. ಜಿಟಿಎಕ್ಸ್ 1650 ಮೊದಲು ಬಂದಾಗ ಅದರಲ್ಲಿ ಇದ್ದದ್ದು ಹಳೆ ತಲೆಮಾರಿನ ಎನ್‌ವೆಂಕ್. 1650 ಸೂಪರ್‌ನಲ್ಲಿರುವುದು ಹೊಸದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ 'ಸೂಪರ್' ಎಂಬ ಬಾಲವನ್ನು ಸುಮ್ನೆ ಬಿಡಬೇಡಿ. ಈ ಹೊಸ ಎನ್‌ವೆಂಕ್ 2018ರಲ್ಲಿ ಆರ್‌ಟಿಎಕ್ಸ್ 20 ಸರಣಿಯೊಂದಿಗೆ ಬಂತು. ಅದರ ಗುಣಮಟ್ಟ, ಒಂದೇ ಪಿಸಿಯಲ್ಲಿ ಆಡುತ್ತಾ ಎಕ್ಸ್264ನಿಂದ ತೆಗೆಯಬಹುದಾದ ಗುಣಮಟ್ಟಕ್ಕೆ ಕಮ್ಮಿಯಿಲ್ಲ. ಲೈವ್‌ಗೆ ಸಾಮಾನ್ಯವಾಗಿ ಬಳಸುವ ವಿಡಿಯೋ ಕುಗ್ಗಿಸುವ ವಿಧಾನದ ಹೆಸರು ಎಚ್.264. ಎಎಂಡಿ ಕಾರ್ಡ್‌ಗಳ ಎಚ್.264 ಮಾತ್ರ ಬಹುಕಾಲ ಒಂದು ಹೆಜ್ಜೆ ಹಿಂದೆಯೇ ಇತ್ತು.

ಯಾವುದಿದೆ ಎಂದು ತಿಳಿಯಲು ಸುಲಭದ ದಾರಿ: ಒಬಿಎಸ್‌ನಲ್ಲಿ ಸೆಟ್ಟಿಂಗ್ಸ್, ಔಟ್‌ಪುಟ್‌ಗೆ ಹೋಗಿ, ಔಟ್‌ಪುಟ್ ಮೋಡ್ ಅಡ್ವಾನ್ಸ್ಡ್ ಮಾಡಿ. ವಿಡಿಯೋ ಎನ್‌ಕೋಡರ್ ಪಟ್ಟಿ ಬಿಚ್ಚಿ. ಎಕ್ಸ್264 ಬಿಟ್ಟು ಬೇರೇನೂ ಕಾಣದಿದ್ದರೆ ಮೊದಲು ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿ, ಆಮೇಲೆ ಚಿಂತೆ ಮಾಡಿ.

ಹೆಜ್ಜೆ 2: ಗೇಮ್ ಯಾವುದನ್ನು ಜಾಸ್ತಿ ದುಡಿಸುತ್ತದೆ?

ವ್ಯಾಲರಂಟ್ ಥರದ ಗೇಮ್‌ಗಳಲ್ಲಿ ಕಾರ್ಡ್‌ಗೆ ಅಷ್ಟೇನೂ ಕೆಲಸವಿಲ್ಲ, ಪ್ರೊಸೆಸರ್ ಓಡಿದಷ್ಟೂ ಫ್ರೇಮ್ ಸಿಗುತ್ತದೆ. ಅಲ್ಲಿ ಎಕ್ಸ್264 ಹಾಕಿದಿರೋ, ಗೇಮ್‌ಗೆ ಬೇಕಾದ ಪ್ರೊಸೆಸರನ್ನೇ ಕಿತ್ತುಕೊಂಡಂತೆ. ಎದುರಾಳಿ ಮುಂದೆ ಬಂದ ಹೊತ್ತಿಗೇ ಫ್ರೇಮ್ ಕುಸಿಯುತ್ತದೆ. ಇಲ್ಲಿ ಕಾರ್ಡ್‌ನ ಎನ್‌ಕೋಡರೇ ಸರಿ, ಬೇರೆ ಮಾತಿಲ್ಲ.

ಸೈಬರ್‌ಪಂಕ್ 2077 ಇದಕ್ಕೆ ತದ್ವಿರುದ್ಧ. ಕಾರ್ಡ್ 99 ಪರ್ಸೆಂಟ್ ದುಡಿಯುತ್ತಿರುತ್ತದೆ. ಲೈವ್ ತಡವರಿಸತೊಡಗಿದರೆ 'ಎನ್‌ವೆಂಕ್‌ಗೆ ಭಾರ ಆಯ್ತು' ಎಂದು ಹಲವರು ಎಕ್ಸ್264ಗೆ ಬದಲಿಸುತ್ತಾರೆ. ಆದರೂ ತಡವರಿಕೆ ನಿಲ್ಲುವುದಿಲ್ಲ. ಏಕೆಂದರೆ ಇಲ್ಲಿ ಸಿಕ್ಕಿಹಾಕಿಕೊಂಡಿರುವುದು ಎನ್‌ಕೋಡರ್ ಅಲ್ಲವೇ ಅಲ್ಲ. ಗೇಮ್, ನಿಮ್ಮ ಕ್ಯಾಮೆರಾ, ಮೇಲಿನ ಓವರ್‌ಲೇ ಎಲ್ಲವನ್ನೂ ಒಂದೇ ಚಿತ್ರವಾಗಿ ಜೋಡಿಸುವ ಕೆಲಸವನ್ನು ಒಬಿಎಸ್ ಕಾರ್ಡ್‌ನ ಗೇಮ್ ಬಿಡಿಸುವ ಭಾಗದಲ್ಲೇ ಮಾಡುತ್ತದೆ. ಅಲ್ಲಿ ಜಾಗವೇ ಇಲ್ಲದಿದ್ದರೆ ಯಾವ ಎನ್‌ಕೋಡರ್ ಇಟ್ಟರೂ ಅಷ್ಟೇ. ಮದ್ದು ಗೇಮ್‌ನೊಳಗೇ ಇದೆ: ಫ್ರೇಮ್ ರೇಟ್‌ಗೆ 60ರ ಮಿತಿ ಹಾಕಿ, ಇಲ್ಲವೇ ನೆರಳು, ಪ್ರತಿಬಿಂಬಗಳ ಮಟ್ಟ ಒಂದಿಷ್ಟು ಇಳಿಸಿ. ಕಾರ್ಡ್‌ಗೆ ಸ್ವಲ್ಪ ಉಸಿರು ಬಿಡಲು ಅವಕಾಶ ಸಿಗಬೇಕು. ಒಬಿಎಸ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಕೊಟ್ಟರೆ ಕಾರ್ಡ್‌ನಲ್ಲಿ ಅದಕ್ಕೆ ಮೊದಲ ಸರದಿ ಸಿಗುತ್ತದೆ. ವಿಂಡೋಸ್‌ನ ಗೇಮ್ ಮೋಡ್ ಆನ್ ಇರಲಿ.

ಲ್ಯಾಪ್‌ಟಾಪ್‌ನವರಿಗೆ ಇನ್ನೊಂದು ಕಾರಣವಿದೆ. ಅದರಲ್ಲಿ ಪ್ರೊಸೆಸರ್‌ಗೂ ಕಾರ್ಡ್‌ಗೂ ತಂಪಾಗಲು ಸಾಮಾನ್ಯವಾಗಿ ಒಂದೇ ವ್ಯವಸ್ಥೆ. ಎಕ್ಸ್264 ಹಾಕಿ ಪ್ರೊಸೆಸರ್ ಕಾಯಿಸಿದರೆ ಕಾರ್ಡ್‌ನ ವೇಗವೂ ಇಳಿಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಎಕ್ಸ್264 ಆಸೆಯನ್ನೇ ಬಿಡಿ ಅಂತ ನನ್ನ ಸಲಹೆ.

ಹೆಜ್ಜೆ 3: ಕಾರ್ಡ್ ಆರಿಸಿದರೆ ಏನೇನು ಹಾಕಬೇಕು

ಎನ್‌ವಿಡಿಯಾ ಕಾರ್ಡ್ ಆದರೆ ಎನ್‌ವೆಂಕ್ ಎಚ್.264 ಆರಿಸಿ. ರೇಟ್ ಕಂಟ್ರೋಲ್ ಸಿಬಿಆರ್. ಕೀಫ್ರೇಮ್ ಇಂಟರ್ವಲ್ 2 ಸೆಕೆಂಡ್. ಪ್ರಿಸೆಟ್, ಅಂದರೆ ವೇಗಕ್ಕೂ ಗುಣಮಟ್ಟಕ್ಕೂ ನಡುವಿನ ಹೊಂದಾಣಿಕೆ, ಪಿ5. ಬಿ-ಫ್ರೇಮ್ 2. ಲುಕ್-ಅಹೆಡ್ ಎಂಬ ಆಯ್ಕೆ ಆಫ್ ಇರಲಿ. ಅದು ಗೇಮ್ ಬಿಡಿಸುವ ಕೋರ್‌ಗಳನ್ನೇ ಬಳಸುತ್ತದೆ. ಕಾರ್ಡ್ ತುಂಬಿದ್ದರೆ ಸೈಕೋ ವಿಷುಯಲ್ ಟ್ಯೂನಿಂಗ್ ಕೂಡ ತೆಗೆಯಬಹುದು.

ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಕಳಿಸುವ ಡೇಟಾ, ಅದರ ವಿಷಯದಲ್ಲಿ ಆಸೆ ಬೇಡ. 1080ಪಿ, 60 ಫ್ರೇಮ್‌ಗೆ ಟ್ವಿಚ್ ಹೇಳುವುದು 6000 ಕಿಲೋಬಿಟ್, ಅಂದರೆ ಮೇಲೆ ಹೇಳಿದ 6 ಮೆಗಾಬಿಟ್. 720ಪಿ, 60 ಫ್ರೇಮ್‌ಗೆ 4500. ಹುಲ್ಲು, ಎಲೆ, ಮಳೆ ತುಂಬಿದ ದೃಶ್ಯದಲ್ಲಿ ಓಡುತ್ತಿದ್ದರೆ 6000ದಲ್ಲೂ 1080ಪಿ ಚೌಕ ಚೌಕವಾಗಿ ಒಡೆಯುತ್ತದೆ, ಎನ್‌ಕೋಡರ್ ಯಾವುದೇ ಇರಲಿ. 720ಪಿಗೆ ಇಳಿಸಿ ನೋಡಿ, ಅದೇ ಬಿಟ್‌ರೇಟ್‌ನಲ್ಲಿ ಚಿತ್ರ ಎಷ್ಟು ಸ್ವಚ್ಛವಾಗುತ್ತದೆ! ಹೊಸ ಟ್ವಿಚ್ ಚಾನೆಲ್‌ಗಳಿಗೆ ಕಡಿಮೆ ಗುಣಮಟ್ಟದ ಆಯ್ಕೆಗಳು ಯಾವಾಗಲೂ ಸಿಗುತ್ತವೆ ಎಂಬ ಭರವಸೆಯೂ ಇಲ್ಲ. ಮೊಬೈಲ್ ಡೇಟಾದಲ್ಲಿ ನೋಡುವವರಿಗೆ ನೀವು ಕಳಿಸಿದ್ದೇ ಗತಿಯಾಗಬಹುದು. ನಿಮ್ಮ ಕಡೆಯೂ ಲೆಕ್ಕ ಇರಲಿ: 6000ದಲ್ಲಿ ಒಂದು ಗಂಟೆ ಲೈವ್ ಎಂದರೆ ಸುಮಾರು 2.7 ಜಿಬಿ ಅಪ್‌ಲೋಡ್.

ಯೂಟ್ಯೂಬ್‌ಗೆ ಲೈವ್ ಹೋಗುವವರ ಹತ್ತಿರ ಆರ್‌ಟಿಎಕ್ಸ್ 40 ಸರಣಿ, ಆರ್‌ಎಕ್ಸ್ 7000 ಸರಣಿ ಅಥವಾ ಇಂಟೆಲ್ ಆರ್ಕ್ ಇದ್ದರೆ ಎವಿ1 ಎಂಬ ಹೊಸ ಕುಗ್ಗಿಸುವ ವಿಧಾನ ಬಳಸಬಹುದು. ಒಬಿಎಸ್‌ನ 29.1ನೇ ಆವೃತ್ತಿಯಿಂದ ಈ ದಾರಿ ತೆರೆದಿದೆ. ಅಷ್ಟೇ ಬಿಟ್‌ರೇಟ್‌ನಲ್ಲಿ ಎಚ್.264ಗಿಂತ ಚೆನ್ನಾಗಿ ಕಾಣುತ್ತದೆ.

ಹೆಜ್ಜೆ 4: ಎಕ್ಸ್264 ಹಾಗಾದರೆ ಯಾರಿಗೆ?

ಕಾರ್ಡ್‌ನಲ್ಲಿ ಎನ್‌ಕೋಡರ್ ಇಲ್ಲದವರಿಗೆ. ತುಂಬ ಹಳೆಯ ಕಾರ್ಡ್, ಆದರೆ ಎಂಟು ಕೋರ್‌ನ ಒಳ್ಳೆ ಪ್ರೊಸೆಸರ್ ಇರುವವರಿಗೆ. ಆಡಲು ಒಂದು, ಲೈವ್‌ಗೆ ಇನ್ನೊಂದು ಪಿಸಿ ಇಟ್ಟುಕೊಂಡವರಿಗೆ. ಒಬಿಎಸ್ ತಾನಾಗಿಯೇ ಕೊಡುವ ಪ್ರಿಸೆಟ್ ವೆರಿಫಾಸ್ಟ್. ಹೆಸರು ಕೇಳಿ 'ಅವಸರದ ಕೆಲಸ' ಎಂದುಕೊಂಡು ಮೀಡಿಯಂಗೆ ಹೋಗಬೇಡಿ. ಆರು ಕೋರ್‌ನ ಪ್ರೊಸೆಸರ್‌ನಲ್ಲಿ ಆಡುತ್ತಲೇ ಮೀಡಿಯಂ ಓಡಿಸುವುದು ಆಗದ ಮಾತು. ಮೊದಲು ಹೇಳಿದ 12400ಎಫ್ ಇರುವವರು 720ಪಿ, ವೆರಿಫಾಸ್ಟ್‌ನಿಂದ ಶುರು ಮಾಡಿ.

ಹೆಜ್ಜೆ 5: ಯಾರೂ ನೋಡದಾಗ ಪರೀಕ್ಷೆ ಮಾಡಿ

ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ ಲೈವ್ ಹಾಕಿ. ಮೊದಲ ಸಲ ಲೈವ್ ಆನ್ ಮಾಡುವವರು ಹಿಂದಿನ ದಿನವೇ ಮಾಡಿಟ್ಟುಕೊಳ್ಳಿ, ಅನುಮತಿ ಸಿಗಲು 24 ಗಂಟೆಯವರೆಗೂ ಹಿಡಿಯಬಹುದು. ಟ್ವಿಚ್ ಆದರೆ ಒಬಿಎಸ್‌ನಲ್ಲೇ ಬ್ಯಾಂಡ್‌ವಿಡ್ತ್ ಟೆಸ್ಟ್ ಮೋಡ್ ಇದೆ. ಗೇಮ್‌ನ ಅತಿ ಗದ್ದಲದ ಜಾಗಕ್ಕೆ ಹೋಗಿ ಹತ್ತು ನಿಮಿಷ ಆಡಿ. ಲಾಬಿಯಲ್ಲಿ ನಿಂತು ಮಾಡುವ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಆಮೇಲೆ ಒಬಿಎಸ್‌ನ ಡಾಕ್ಸ್ ಮೆನುವಿನಿಂದ ಸ್ಟ್ಯಾಟ್ಸ್ ತೆರೆದು ಮೂರು ಸಾಲು ನೋಡಿ. ರೆಂಡರಿಂಗ್ ಲ್ಯಾಗ್ ಏರುತ್ತಿದ್ದರೆ ಕಾರ್ಡ್ ತುಂಬಿದೆ, ಗೇಮ್‌ನ ಫ್ರೇಮ್ ಮಿತಿ ಇಳಿಸಿ. ಎನ್‌ಕೋಡಿಂಗ್ ಲ್ಯಾಗ್ ಏರುತ್ತಿದ್ದರೆ ಎನ್‌ಕೋಡರ್‌ಗೆ ಆಗುತ್ತಿಲ್ಲ. ಎಕ್ಸ್264ನಲ್ಲಿದ್ದರೆ ಕಾರ್ಡ್‌ಗೆ ಬದಲಿಸಿ. ಕಾರ್ಡ್‌ನಲ್ಲೇ ಇದ್ದರೆ ಪ್ರಿಸೆಟ್ ಪಿ5ರಿಂದ ಪಿ3ಕ್ಕೆ ತನ್ನಿ. ಡ್ರಾಪ್ಡ್ ಫ್ರೇಮ್ಸ್ ಏರಿದರೆ ಮಾತ್ರ ತಪ್ಪು ನೆಟ್‌ವರ್ಕ್‌ನದು. ಆಗ ಬಿಟ್‌ರೇಟ್ ಇಳಿಸಿ, ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡುವುದು ಅದಾದ ಮೇಲೆ.

ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಮತ್ತೆ ಅದೇ ಜಾಗದಲ್ಲಿ ಆಡಿ ನೋಡಿ. ಸರಿಹೋದ ಮೇಲೆ ಪ್ರೊಫೈಲ್ ಮೆನುವಿನಲ್ಲಿ ಗೇಮ್‌ನ ಹೆಸರು ಕೊಟ್ಟು ಉಳಿಸಿ. ವ್ಯಾಲರಂಟ್‌ಗೆ ಒಂದು, ಸೈಬರ್‌ಪಂಕ್‌ಗೆ ಇನ್ನೊಂದು.