ಹಾಡಿ ಮುಗಿದ ಮೇಲೆ ಅರ್ಥ ಹೇಳಬೇಡಿ

‘ಪಿಗ್ಮೇಲಿಯನ್’ ನಾಟಕವನ್ನು ಕರಾವಳಿಯ ಕನ್ನಡಕ್ಕೆ ತಂದು ಸಂಗೀತ ನಾಟಕವಾಗಿ ಆಡಿಸಿದೆವು. ನಿಲ್ಲಿಸದೆ ಇಡೀ ನಾಟಕ ಆಡಿ ನೋಡುವ ಮೊದಲ ರನ್‌ಥ್ರೂ ಮುಗಿದಾಗ 2 ಗಂಟೆ 50 ನಿಮಿಷ ಆಗಿತ್ತು. ಬರೆಯುವಾಗ ಹಾಕಿದ ಲೆಕ್ಕ 2 ಗಂಟೆ 15 ನಿಮಿಷ. ಸ್ಟಾಪ್‌ವಾಚ್ ಹಿಡಿದು ಹನ್ನೊಂದು ಹಾಡುಗಳನ್ನೂ ಒಂದೊಂದಾಗಿ ಅಳೆದರೆ ಒಟ್ಟು 34 ನಿಮಿಷ, ಬರೆದುಕೊಂಡಿದ್ದಷ್ಟೇ. ದೃಶ್ಯ ಬದಲಿಸುವುದರಲ್ಲಿ 12 ನಿಮಿಷ ಹೆಚ್ಚು ಹೋಗಿತ್ತು, ಅದು ಅಭ್ಯಾಸವಾದರೆ ಇಳಿಯುವಂಥದ್ದು. ಉಳಿದದ್ದೆಲ್ಲ ಹಾಡು ಮುಗಿದ ಮೇಲಿನ ಮಾತು.

ಕರಾವಳಿಯ ನಟರಿಗೆ ಇದು ಹುಟ್ಟಿನಿಂದ ಬಂದ ಚಟ. ಯಕ್ಷಗಾನದಲ್ಲಿ ಭಾಗವತರು ಪದ್ಯ ಹೇಳುತ್ತಾರೆ, ವೇಷಧಾರಿ ಕುಣಿಯುತ್ತಾನೆ, ಆಮೇಲೆ ಅದೇ ಪದ್ಯವನ್ನು ಹಿಡಿದು ಅರ್ಥ ಬೆಳೆಸುತ್ತಾನೆ. ಅಲ್ಲಿನ ರುಚಿಯೇ ಆ ಬೆಳೆಸುವುದರಲ್ಲಿದೆ. ಹಾಡುವವರು ಒಬ್ಬರು, ಮಾತಾಡುವವರು ಇನ್ನೊಬ್ಬರು ಆದ್ದರಿಂದ ಒಂದೇ ವಿಷಯ ಎರಡು ಸಲ ಬಂದರೂ ಬೇಸರವಿಲ್ಲ. ಸಂಗೀತ ನಾಟಕದಲ್ಲಿ ಪಾತ್ರವೇ ಹಾಡುತ್ತದೆ. ‘ನಾನಿನ್ನು ಇಲ್ಲಿ ಇರುವುದಿಲ್ಲ’ ಎಂದು ಮೂರು ನಿಮಿಷ ಹಾಡಿದವಳು ಮತ್ತೆ ‘ನೋಡಿ, ನಾನು ಇನ್ನು ಇಲ್ಲಿ ಇರುವವಳಲ್ಲ’ ಎಂದರೆ ಹಾಡಿದ್ದೇ ದಂಡ. ಇದಕ್ಕೆ ನಾವು ಕಂಡುಕೊಂಡ ಮದ್ದು ಸರಳ: ಪ್ರತಿ ಹಾಡಿನ ನಂತರದ ಮೊದಲ ಮೂರು ಸಾಲು ಮಾತಿಗೆ ಕೆಂಪು ಗೀಟು ಹಾಕಿ, ಹಾಗೆಯೇ ಒಮ್ಮೆ ಆಡಿ ನೋಡುವುದು. ಕಥೆ ಎಲ್ಲಾದರೂ ತಪ್ಪಿಹೋದರೆ ಮಾತ್ರ ಒಂದು ಸಾಲು ವಾಪಸ್. ಹನ್ನೊಂದರಲ್ಲಿ ಎಂಟು ಹಾಡುಗಳಿಗೆ ಒಂದು ಸಾಲೂ ವಾಪಸ್ ಬೇಕಾಗಲಿಲ್ಲ.

ಆಡಿದ ಕಥೆ ಬರ್ನಾರ್ಡ್ ಷಾ ಬರೆದ ‘ಪಿಗ್ಮೇಲಿಯನ್’. ಬೀದಿಯಲ್ಲಿ ಹೂ ಮಾರುವ ಹುಡುಗಿಗೆ ದೊಡ್ಡವರ ಮಾತು ಕಲಿಸಿ ಆರು ತಿಂಗಳಲ್ಲಿ ದೊರೆಸಾನಿ ಮಾಡುತ್ತೇನೆಂದು ಉಚ್ಚಾರಶಾಸ್ತ್ರದ ಪ್ರೊಫೆಸರನೊಬ್ಬ ಪಣ ತೊಡುವ ಕಥೆ. ಅದು ಮೊದಲು ರಂಗವೇರಿದ್ದು 1913ರಲ್ಲಿ, ವಿಯೆನ್ನಾದಲ್ಲಿ, ಜರ್ಮನ್ ಭಾಷೆಯಲ್ಲಿ. ಲಂಡನ್ನಿಗೆ ಬಂದದ್ದು ಮರುವರ್ಷ. ತನ್ನ ಇನ್ನೊಂದು ನಾಟಕವನ್ನು ಯಾರೋ ಅಪೆರಾ ಥರದ ಹಾಡುನಾಟಕ ಮಾಡಿದ್ದು ಷಾಗೆ ಸ್ವಲ್ಪವೂ ಹಿಡಿಸಿರಲಿಲ್ಲ. ಹಾಗಾಗಿ ಬದುಕಿರುವ ತನಕ ಇದಕ್ಕೆ ಸಂಗೀತ ಹಾಕಲು ಆತ ಬಿಡಲಿಲ್ಲ. ಇದೇ ಕಥೆಯ ಸಂಗೀತ ನಾಟಕ ‘ಮೈ ಫೇರ್ ಲೇಡಿ’ ಬಂದದ್ದು ಆತ ತೀರಿಹೋದ ಮೇಲೆ, 1956ರಲ್ಲಿ. ನ್ಯೂಯಾರ್ಕಿನಲ್ಲಿ ಮೊದಲ ಓಟಕ್ಕೇ 2,717 ಪ್ರದರ್ಶನ ಕಂಡಿತು.

ಹಕ್ಕಿನ ವಿಚಾರವನ್ನು ಮೊದಲೇ ಬಗೆಹರಿಸಿಕೊಳ್ಳಬೇಕು. ನಮ್ಮ ಕಾಯ್ದೆಯಂತೆ ಲೇಖಕ ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಷಾ ತೀರಿಕೊಂಡದ್ದು 1950ರಲ್ಲಿ, ಅಂದರೆ 2011ರಿಂದ ಮೂಲ ನಾಟಕ ಯಾರು ಬೇಕಾದರೂ ಬಳಸಬಹುದಾದದ್ದು. 1956ರ ಸಂಗೀತ ನಾಟಕದ ಹಾಡು, ರಾಗ, ಅದರಲ್ಲಿ ಮಾತ್ರ ಇರುವ ದೃಶ್ಯಗಳು ಹಾಗಲ್ಲ. ಕುದುರೆ ರೇಸಿನ ದೃಶ್ಯ ಮೂಲದಲ್ಲಿಲ್ಲ. ಅಲ್ಲಿರುವುದು ಪ್ರೊಫೆಸರನ ತಾಯಿಯ ಮನೆಯ ಚಹಾಕೂಟ. ಎಲ್ಲರ ಬಾಯಲ್ಲಿರುವ ಸ್ಪೇನಿನ ಮಳೆಯ ಸಾಲೂ 1913ರ ನಾಟಕದ್ದಲ್ಲ, 1938ರ ಸಿನಿಮಾದಲ್ಲಿ ಬಂದದ್ದು. ಆದ್ದರಿಂದ ಸಿನಿಮಾ ನೋಡಿ ನೆನಪಿನಿಂದ ರೂಪಾಂತರ ಮಾಡಲು ಹೊರಟರೆ ಎಡವುವುದು ಖಂಡಿತ. ಮೂಲ ಪಠ್ಯವನ್ನೇ ಎದುರಿಗಿಟ್ಟುಕೊಳ್ಳಬೇಕು. ಬೇರೆಯವರ ಅನುವಾದದಿಂದಲೂ ಎತ್ತಬಾರದು, ಅದರ ಹಕ್ಕು ಬೇರೆ.

ನಮ್ಮ ರೂಪಾಂತರದ ಮೊದಲ ದೃಶ್ಯಕ್ಕೆ ಲಂಡನ್ನಿನ ಚರ್ಚಿನ ಕಂಬಸಾಲಿನ ಬದಲು ಉಡುಪಿಯ ರಥಬೀದಿ, ಮಳೆಗೆ ಜಗಲಿಯಲ್ಲಿ ನಿಂತ ಜನ. ಹುಡುಗಿ ಮಾರುವುದು ಶಂಕರಪುರ ಮಲ್ಲಿಗೆ. ಅವಳ ಮಾತು ಕುಂದಾಪ್ರ ಕನ್ನಡ, ಅಂದರೆ ಕುಂದಾಪುರದ ಕಡೆಯ ಆಡುಮಾತು, ಪ್ರೊಫೆಸರ್ ಕಲಿಸುವುದು ಪುಸ್ತಕದ ಕನ್ನಡ. ತುಳು ಮಾತಾಡಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ತುಳು ಬೇರೆಯೇ ಭಾಷೆ. ಇಲ್ಲಿ ಬೇಕಾದದ್ದು ಒಂದೇ ಭಾಷೆಯ ಎರಡು ಉಚ್ಚಾರ. ಆದರೆ ಆಸಾಡಿ ಅಮಾಸಿಗೆ (ಆಷಾಢದ ಅಮಾವಾಸ್ಯೆಗೆ) ತಮ್ಮ ಭಾಷೆಯ ದಿನವನ್ನೇ ಆಚರಿಸುವ ಕುಂದಾಪುರದ ಜನರೆದುರು ಅವರ ಮಾತನ್ನು ನಗೆಪಾಟಲು ಮಾಡಿದರೆ ಏಟು ತಿನ್ನಬೇಕಾದೀತು. ನಗು ಯಾವಾಗಲೂ ಪ್ರೊಫೆಸರನ ಮೇಲೆ ಬೀಳುವಂತೆ ಸಾಲು ಹೊಂದಿಸಿಕೊಳ್ಳಬೇಕು. ಷಾ ಮಾಡಿದ್ದೂ ಅದನ್ನೇ.

ಇನ್ನು ಹಾಡಿನ ಸಾಹಿತ್ಯ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದೂ, ಹೆಚ್ಚು ಫಲ ಕೊಟ್ಟದ್ದೂ ಇದೇ.

ಪುಸ್ತಕದ ಕನ್ನಡದ ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ, ಕೊನೆಯಲ್ಲಿ ಎಷ್ಟು ಬೇಕಾದರೂ ಎಳೆಯಬಹುದು. ಕುಂದಾಪ್ರ ಕನ್ನಡ ಆ ಕೊನೆಯ ಸ್ವರವನ್ನು ನುಂಗುತ್ತದೆ. ‘ಹೋಗಬೇಕು’ ಎಂಬುದು ‘ಹೋಯ್ಕ್’. ಕ್ ಮೇಲೆ ನಿಂತು ಆಲಾಪ ಮಾಡಲು ಯಾರಿಂದಲೂ ಆಗದು. ಮೊದಲು ಇದು ತೊಡಕು ಅನಿಸಿತು. ಮಾತ್ರೆ ಎಣಿಸಿ ನೋಡಿದಾಗ ನಾಟಕದ ಸಂಗೀತವೇ ಅದರಲ್ಲಿ ಕೂತಿತ್ತು.

‘ಮನಿಗ್ ಹೋಯ್ಕ್’ ತೆಗೆದುಕೊಳ್ಳಿ. ಮ ಒಂದು, ನಿಗ್ ಎರಡು, ಹೋಯ್ಕ್ ಎರಡು: ಐದು ಮಾತ್ರೆ. ಮೂರು-ಎರಡು, ತಕಿಟ-ತಕ. ಅದೇ ಸಾಲು ಪುಸ್ತಕದ ಕನ್ನಡದಲ್ಲಿ ‘ಮನೆಗೆ ಹೋಗಬೇಕು’. ಮ-ನೆ-ಗೆ ಮೂರು, ಹೋ ಎರಡು, ಅಲ್ಲಿಗೆ ಐದು. ಗ ಒಂದು, ಬೇ ಎರಡು, ಕು ಒಂದು, ಅಲ್ಲಿಗೆ ನಾಲ್ಕು. ಕೊನೆಯ ‘ಕು’ವನ್ನು ಒಂದು ಮಾತ್ರೆ ಎಳೆದರೆ ಇನ್ನೊಂದು ಐದು. ಅಂದರೆ ಅವಳ ಒಂದು ಸುತ್ತಿನ ಮಾತು ಪ್ರೊಫೆಸರನ ಬಾಯಲ್ಲಿ ಎರಡು ಸುತ್ತು. ತಾಳ ಒಂದೇ, ಐದೈದು ಮಾತ್ರೆಯ ಖಂಡ ನಡೆ. ಯಕ್ಷಗಾನದ ಝಂಪೆ ತಾಳಕ್ಕೆ ಪಳಗಿದ ಕಿವಿಗಳಿಗೆ ಐದರ ನಡೆ ಹೊಸದೂ ಅಲ್ಲ. ಪಾಠದ ದೃಶ್ಯದ ಹಾಡು ಹೀಗೆಯೇ ಹುಟ್ಟಿತು: ಪ್ರೊಫೆಸರ್ ‘ಕು’ ಎಳೆಯಲು ಹೇಳುತ್ತಾನೆ, ಅವಳು ಪ್ರತಿ ಸಲವೂ ಒಂದು ಮಾತ್ರೆ ಮೊದಲೇ ಮುಗಿಸಿಬಿಡುತ್ತಾಳೆ, ಆ ಖಾಲಿ ಮಾತ್ರೆಯನ್ನು ಮದ್ದಳೆ ತುಂಬುತ್ತದೆ. ಏಳನೆಯ ಸಲ ಅವಳು ಎಳೆದಾಗ ಮದ್ದಳೆ ಸುಮ್ಮನಾಗುತ್ತದೆ. ಕಲಿತಳು ಎಂದು ಯಾರೂ ಮಾತಿನಲ್ಲಿ ಹೇಳುವ ಅಗತ್ಯವೇ ಬೀಳಲಿಲ್ಲ.

ಮೊದಲ ಭಾಗದ ಅವಳ ಹಾಡುಗಳೆಲ್ಲ ತುಂಡು ತುಂಡು, ಚುರುಕು; ಎರಡನೆಯ ಭಾಗದವು ಎಳೆದು ನಿಲ್ಲುವಂಥವು. ಅವಳು ಪ್ರೊಫೆಸರನತ್ತ ಚಪ್ಪಲಿ ಎಸೆಯುವ ಸಿಟ್ಟಿನ ದೃಶ್ಯದಲ್ಲಿ ಮಾತ್ರ ಹಾಡು ಪುಸ್ತಕದ ಕನ್ನಡದಲ್ಲಿ ಶುರುವಾಗಿ ಕೊನೆಯ ಎರಡು ಸಾಲಿಗೆ ಕುಂದಾಪ್ರದ ‘ಬತ್ತಿಲ್ಲೆ’ಗೆ (ಬರುವುದಿಲ್ಲ) ಇಳಿಯುತ್ತದೆ. ಇಂಥದ್ದನ್ನು ರಾಗ ಹಾಕುವವರ ತಲೆಗೆ ಕಟ್ಟಬಾರದು, ಸಾಹಿತ್ಯ ಬರೆಯುವಾಗಲೇ ಕೂರಿಸಬೇಕು. ರಾಗ ಮೊದಲು ಮಾಡಿ ಅಕ್ಷರ ತುಂಬಿದ ಎರಡು ಹಾಡುಗಳಲ್ಲಿ ಒತ್ತಕ್ಷರಗಳು ಎಳೆಯುವ ಜಾಗಕ್ಕೆ ಬಂದು ಬಿದ್ದಿದ್ದವು. ಎರಡನ್ನೂ ಹರಿದು ಹಾಕಿದೆವು.

ಹಾಡು ಎಲ್ಲಿ ಬರಬೇಕು ಎಂಬುದಕ್ಕೆ ಒಂದೇ ಪರೀಕ್ಷೆ: ಹಾಡು ಕಿತ್ತುಹಾಕಿ ಮುಂದಿನ ದೃಶ್ಯ ಆಡಿ ನೋಡಿ. ಏನೂ ವ್ಯತ್ಯಾಸವಾಗದಿದ್ದರೆ ಅದು ಬೇಡದ ಹಾಡು. ಹದಿನಾರು ಬರೆದದ್ದು ಹನ್ನೊಂದಕ್ಕೆ ಇಳಿದದ್ದು ಹೀಗೆ. ಕಂಪನಿ ನಾಟಕದ ಕಾಲದಲ್ಲಿ ‘ಒನ್ಸ್ ಮೋರ್’ ಎಂದರೆ ಸತ್ತ ಪಾತ್ರವೂ ಎದ್ದು ಹಾಡುತ್ತಿತ್ತಂತೆ. ಆ ಮಜಾ ಬೇರೆ, ಅದಕ್ಕೆ ಕಥೆ ಕಾಯುತ್ತಾ ಕೂರುತ್ತಿತ್ತು. ಹಾಡಿದ್ದಕ್ಕೆ ಅರ್ಥ ಹೇಳಬಾರದೆಂಬ ನಿಯಮಕ್ಕೆ ನಾವೇ ಮಾಡಿಕೊಂಡ ಅಪವಾದ ಒಂದಿದೆ. ಹುಡುಗಿಯ ತಂದೆಯನ್ನು ಯಕ್ಷಗಾನ ಮೇಳ ಬಿಟ್ಟ ಹಾಸ್ಯಗಾರ ಮಾಡಿದೆವು. ಮೂಲದಲ್ಲಿ ಕಸ ಸಾಗಿಸುವವ, ಆದರೆ ಮಾತಿನ ಮಲ್ಲ. ಅವನೊಬ್ಬ ಮಾತ್ರ ಹಾಡಿ ಮುಗಿಸಿ ಅದಕ್ಕೆ ಅರ್ಥ ಹೇಳುತ್ತಾನೆ, ಅದೂ ಮಗಳ ಹೆಸರಿನಲ್ಲಿ ದುಡ್ಡು ಕೇಳಲು. ಉಳಿದವರು ಯಾರೂ ಹೇಳದ್ದರಿಂದ ಇವನು ಹೇಳಿದ್ದಕ್ಕೆ ಚಪ್ಪಾಳೆ.

ಶ್ರುತಿಯಲ್ಲಿ ಜಗಳ ಬರುವುದು ಯುಗಳ ಗೀತೆಯಲ್ಲಿ. ಹಾರ್ಮೋನಿಯಂನ ಮನೆಗಳ ಲೆಕ್ಕದಲ್ಲಿ ಪ್ರೊಫೆಸರ್ ಬಿಳಿ 1ರಲ್ಲಿ, ಹುಡುಗಿ ಬಿಳಿ 4ರಲ್ಲಿ ಆರಾಮ. ಇಬ್ಬರನ್ನೂ ಬಿಳಿ 2ಕ್ಕೆ ತಂದರೆ ಅವನ ಮೇಲ್ಸ್ಥಾಯಿ ಕಿರುಚುತ್ತದೆ, ಅವಳ ಮಂದ್ರ ಕೇಳಿಸುವುದೇ ಇಲ್ಲ. ಅವರವರ ಶ್ರುತಿಯಲ್ಲೇ ಬಿಟ್ಟು, ಅವನ ಸಾಲು ಮಧ್ಯಮದ (ಮ) ಮೇಲೆ ನಿಲ್ಲುವಂತೆ ಮಾಡಿದರೆ ಆ ಮಧ್ಯಮವೇ ಅವಳ ಷಡ್ಜ (ಸ). ಅವಳು ಅಲ್ಲಿಂದ ಎತ್ತಿಕೊಳ್ಳಬಹುದು. ಹಾಡಿನ ತರಬೇತಿ ಇಲ್ಲದ ನಟರಿಗೆ ಒಂದೂವರೆ ಸ್ಥಾಯಿಗಿಂತ ಹೆಚ್ಚು ಕೊಡಬೇಡಿ.

ವಾದ್ಯಕ್ಕೆ ಹಾರ್ಮೋನಿಯಂ, ಮದ್ದಳೆ, ಕೊಳಲು, ಪಿಟೀಲು, ತಬಲಾ, ಐದೇ ಜನ. ಚೆಂಡೆ ಬೇಡ. ಮುಚ್ಚಿದ ಹಾಲ್‌ನಲ್ಲಿ ಚೆಂಡೆಯ ಎದುರು ನಟರ ಸಾಹಿತ್ಯ ಒಂದಕ್ಷರವೂ ಉಳಿಯುವುದಿಲ್ಲ. ನಮ್ಮ ಕಡೆಯ ಹಾಲ್‌ಗಳಲ್ಲಿ ವಾದ್ಯದವರಿಗೆಂದು ವೇದಿಕೆಯ ಮುಂದೆ ತಗ್ಗು ಇರುವುದಿಲ್ಲ. ವೇದಿಕೆಯ ಪಕ್ಕದ ಮರೆಯಾದ ಎಡ ವಿಂಗ್‌ನ ಅಂಚಿನಲ್ಲಿ, ಹಾರ್ಮೋನಿಯಂನವರ ಮುಖ ನಟರಿಗೆ ಕಾಣುವಂತೆ ಕೂರಿಸಬೇಕು. ಮಳೆಯ ಸದ್ದಿಗೆ ರೆಕಾರ್ಡಿಂಗ್ ಹಾಕಿದರೆ ಎಣ್ಣೆಯಲ್ಲಿ ಹಪ್ಪಳ ಕರಿದಂತೆ ಕೇಳುತ್ತದೆ. ಎರಡು ಗೆರಸೆಯಲ್ಲಿ (ಮೊರದಲ್ಲಿ) ಅರ್ಧರ್ಧ ಕಿಲೋ ಹುರುಳಿ ಹಾಕಿ, ಮೈಕಿನಿಂದ ಒಂದು ಅಡಿ ದೂರದಲ್ಲಿ ಓರೆ ಮಾಡಿ ಆಡಿಸಿದರೆ ಮಳೆ ಏರುವುದು ಇಳಿಯುವುದು ಎರಡೂ ಕೈಯಲ್ಲೇ. ಬಂಟ್ವಾಳದ ಕಡೆಯ ಮಂಚಿಯಿಂದ ಹೋದ ರಂಗನಿರ್ದೇಶಕ ಬಿ.ವಿ. ಕಾರಂತರು ಮನೆಬಳಕೆಯ ವಸ್ತುಗಳಿಂದ ರಂಗಸಂಗೀತ ಎಬ್ಬಿಸಿದ್ದನ್ನು ಕಂಡ ಊರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಕಾಲ ನೋಡಿ ದಿನ ಇಡಬೇಕು. ಮದ್ದಳೆಯವರು ಮೇಳದ ತಿರುಗಾಟದಲ್ಲಿದ್ದರೆ ಪತ್ತನಾಜೆಯ ತನಕ, ಅಂದರೆ ಮೇ ಕೊನೆಗೆ ತಿರುಗಾಟ ಮುಗಿಯುವ ತನಕ, ಸಿಗುವುದಿಲ್ಲ. ಮಳೆಗಾಲದಲ್ಲಿ ಸಿಗುತ್ತಾರೆ, ಆದರೆ ಆಗ ತಗಡಿನ ಮಾಡಿನ ಹಾಲ್‌ನಲ್ಲಿ ಹಾಡು ಕೇಳುವುದಿಲ್ಲ. ಆದ್ದರಿಂದ ಜುಲೈಯಿಂದ ತಾಲೀಮು, ಅಕ್ಟೋಬರ್‌ನಲ್ಲಿ ಪ್ರದರ್ಶನ. ಮೊದಲ ಮೂರು ವಾರ ಕೂತು ಹಾಡುವುದಷ್ಟೇ, ಆಮೇಲೆ ನಾಲ್ಕು ವಾರ ಚಲನೆ, ಕೊನೆಯ ಮೂರು ವಾರ ವಾದ್ಯದೊಂದಿಗೆ. ಚಲನೆ ಶುರುವಾದ ವಾರ ಎಲ್ಲರ ಉಸಿರೂ ಕೆಡುತ್ತದೆ. ಹಾಡಿನ ಹಾಳೆಯಲ್ಲಿ ಉಸಿರು ತೆಗೆಯುವ ಜಾಗಕ್ಕೆ ಗುರುತು ಹಾಕಿಸಿ, ಆ ಜಾಗದಲ್ಲಿ ನಡಿಗೆ ಇಡದಿದ್ದರೆ ಅರ್ಧ ಸಮಸ್ಯೆ ಮುಗಿಯಿತು.

ತಲೆಗೆ ಸಿಕ್ಕಿಸುವ ಕಾರ್ಡ್‌ಲೆಸ್ ಮೈಕಿನ ದೊಡ್ಡ ವೈರಿ ನಮ್ಮ ಬೆವರು. ಬಾಯಿಯ ಎದುರಿಗಲ್ಲ, ಕೆನ್ನೆಯ ಬದಿಗೆ, ತುಟಿಯ ಮೂಲೆಯಿಂದ ಎರಡು ಬೆರಳು ಹಿಂದೆ ಇರಲಿ. ಬಾಯೆದುರು ಇದ್ದರೆ ಪ್ರತಿ ‘ಪ’, ‘ಭ’ಕ್ಕೂ ಸ್ಪೀಕರ್ ಗುದ್ದುತ್ತದೆ. ಮೇಕಪ್ ಹಚ್ಚುವ ಮೊದಲು ಆಸ್ಪತ್ರೆ ಟೇಪಿನಿಂದ ಎರಡು ಕಡೆ ಅಂಟಿಸಿ. ಪೌಡರಿನ ಮೇಲೆ ಅಂಟಿಸಿದ್ದು ಎರಡನೆಯ ಹಾಡಿಗೇ ಜಾರುತ್ತದೆ. ಸೊಂಟದ ಪೆಟ್ಟಿಗೆ ಪ್ಲಾಸ್ಟಿಕ್ ಚೀಲದೊಳಗಿರಲಿ, ಸೆಲ್ ಪ್ರತಿ ಪ್ರದರ್ಶನಕ್ಕೂ ಹೊಸದು. ಬಾಡಿಗೆಗೆ ಸಿಕ್ಕಿದ್ದು ಆರೇ ಮೈಕ್, ಹಾಡುವವರು ಒಂಬತ್ತು. ಮೂರು ಮೈಕುಗಳು ವಿಂಗ್‌ನಲ್ಲಿ ಕೈ ಬದಲಾಗಬೇಕು; ಯಾವ ಮೈಕ್ ಯಾವ ದೃಶ್ಯದಲ್ಲಿ ಯಾರದ್ದು ಎಂಬ ಪಟ್ಟಿ ಸೌಂಡಿನವರ ಎದುರಿಗೂ ಚೌಕಿಯ (ಬಣ್ಣ ಹಚ್ಚುವ ಕೋಣೆಯ) ಬಾಗಿಲಲ್ಲೂ ಇರಬೇಕು.

ಹೂವಿನ ಲೆಕ್ಕ: ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡು ಸೇರಿ ಒಂದು ಅಟ್ಟೆ. ಬುಟ್ಟಿ ತುಂಬ ನಿಜವಾದ ಹೂ ಇಡಲು ಹೋದರೆ ಖರ್ಚು ಹಾಗಿರಲಿ, ದೀಪದ ಬಿಸಿಗೆ ಅರಳಿ ಉದುರಿ ನೆಲದಲ್ಲಿ ಜಾರುತ್ತದೆ. ಅಡಿಯಲ್ಲಿ ಬಟ್ಟೆಯ ಹೂ, ಮೇಲೆ ಬಾಳೆನಾರಿನಲ್ಲಿ ಕಟ್ಟಿದ ಒಂದೇ ಚೆಂಡು ನಿಜವಾದದ್ದು. ಮುಂದಿನ ನಾಲ್ಕು ಸಾಲಿಗೆ ಪರಿಮಳ ಹೋಗಲು ಅಷ್ಟು ಸಾಕು.

ಮುಕ್ತಾಯ ದೊಡ್ಡ ಚರ್ಚೆಯ ವಿಷಯ. ಷಾನ ಹುಡುಗಿ ಪ್ರೊಫೆಸರನನ್ನು ಮದುವೆಯಾಗುವುದಿಲ್ಲ. ಆಗುವುದಿಲ್ಲ ಏಕೆ ಎಂದು ಆತ 1916ರಲ್ಲಿ ಹಿನ್ನುಡಿಯನ್ನೇ ಬರೆದ. ಲಂಡನ್ನಿನ ಮೊದಲ ಪ್ರೊಫೆಸರ್ ಪಾತ್ರಧಾರಿ ಮಾತ್ರ ಕೊನೆಗೆ ಅವಳತ್ತ ಹೂ ಎಸೆದು ಕಥೆಯನ್ನು ಪ್ರೇಮಕ್ಕೆ ತಿರುಗಿಸಿದ್ದ. 1956ರ ಸಂಗೀತ ನಾಟಕದಲ್ಲಿ ಅವಳು ಅವನ ಮನೆಗೆ ವಾಪಸ್ ಬರುತ್ತಾಳೆ. ನಾವು ಷಾನ ಪಕ್ಷ. ಆದರೆ ಮಂಗಳ ಹಾಡದೆ ಆಟ ಮುಗಿಸಿದರೆ ನಮ್ಮ ಜನ ಎದ್ದೇಳುವುದಿಲ್ಲ, ಇನ್ನೂ ಏನೋ ಇದೆ ಎಂದು ಕೂತಿರುತ್ತಾರೆ. ಮಾಡಿಕೊಂಡ ಉಪಾಯ ಇಷ್ಟು. ಅವಳು ಹೊರಡುತ್ತಾಳೆ, ಪ್ರೊಫೆಸರ್ ಒಬ್ಬನೇ ಪಾಠದ ಹಾಡನ್ನು ಗುನುಗುತ್ತಾನೆ: ‘ಮನೆಗೆ ಹೋಗಬೇಕು’. ‘ಕು’ ಎಳೆಯುವ ಜಾಗಕ್ಕೆ ಬಂದಾಗ ಅವನು ನಿಲ್ಲಿಸಿಬಿಡುತ್ತಾನೆ. ಆ ಒಂದು ಮಾತ್ರೆಗೆ ಮದ್ದಳೆ ಪೆಟ್ಟು, ಅದರ ಮೇಲೆಯೇ ದೀಪ ಪೂರ್ತಿ ಆಫ್. ಪರದೆ ಎಳೆಯುವವನು ನಾಲ್ಕು ಎಣಿಸಿ ಹಗ್ಗ ಬಿಡಬೇಕು. ಎರಡಕ್ಕೇ ಬಿಟ್ಟರೆ ಹಗ್ಗದ ರಾಟೆಯ ಕಿರ್ ಸದ್ದು ಪೆಟ್ಟನ್ನು ನುಂಗುತ್ತದೆ.