ಊಟ ಆದ ಮೇಲೆ ಅರ್ಧ ಗಂಟೆ ಓದು: ನನ್ನ ಅನುಭವ

ನಮ್ಮ ಮನೆಯಲ್ಲಿ ಪುಸ್ತಕ ಗಟ್ಟಿಯಾಗಿ ಓದುವ ರೂಢಿ ಶುರುವಾಗಿದ್ದು ಮಾವನವರಿಗೆ ಕಣ್ಣಿನ ಪೊರೆ ಆಪರೇಷನ್ ಆದಾಗ. ಅವರಿಗೆ ಪೇಪರ್ ಓದದಿದ್ದರೆ ಕಾಫಿ ಇಳಿಯುವುದಿಲ್ಲ. ಬೆಳಿಗ್ಗೆ ನನಗೆ ಆಫೀಸಿನ ಗಡಿಬಿಡಿ, ಅದಕ್ಕೆ ರಾತ್ರಿ ಊಟ ಆದ ಮೇಲೆ ಓದಿ ಹೇಳ್ತೀನಿ ಮಾವ ಅಂದೆ. ರಾತ್ರಿ ಹೊತ್ತಿಗೆ ಪೇಪರಿನ ಸುದ್ದಿಯನ್ನೆಲ್ಲ ಅವರು ಟೀವಿಯಲ್ಲಿ ಕೇಳಿಬಿಟ್ಟಿರುತ್ತಿದ್ದರು. ಹಾಗಾಗಿ ಪುಸ್ತಕಕ್ಕೆ ಬಂದೆವು. ಕಣ್ಣು ಸರಿಹೋಯಿತು, ಓದು ಮಾತ್ರ ನಿಲ್ಲಲಿಲ್ಲ. ಮನೆಯಲ್ಲಿ ಹಿರಿಯರು, ಮಕ್ಕಳು ಇಬ್ಬರೂ ಇರುವವರು ಮಾಡಿ ನೋಡಬಹುದಾದ ಕೆಲಸ ಇದು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ತೊಂದರೆ ಯಾವ ಪುಸ್ತಕ ಅನ್ನೋದು. ಮಾವನವರಿಗೆ ರಾಜಕೀಯ ಬೇಕು. ಮಗಳು ಎಂಟನೇ ಕ್ಲಾಸು, ಅವಳಿಗೆ ಗಿಡ, ಹುಳ, ನಕ್ಷತ್ರ ಇಷ್ಟ. ನಮ್ಮ ಕಪಾಟಿನಲ್ಲಿ ಇಬ್ಬರಿಗೂ ಆಗುವ ಒಂದು ಜೋಡಿ ಸಿಕ್ಕಿತು: ಡಿವಿಜಿ ಮತ್ತು ಬಿ.ಜಿ.ಎಲ್. ಸ್ವಾಮಿ. ಅಪ್ಪ ಮತ್ತು ಮಗ. ಅಪ್ಪ ಪತ್ರಕರ್ತ, ಮೈಸೂರಿನ ಶಾಸನ ಪರಿಷತ್ತಿನಲ್ಲಿ ಕೂತವರು, ಸಾರ್ವಜನಿಕ ಬದುಕಿನ ಬಗ್ಗೆ ಜನಕ್ಕೆ ತಿಳಿವಳಿಕೆ ಬರಲಿ ಅಂತ 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಂಸ್ಥೆ ಕಟ್ಟಿದವರು. ಮಗ ಸಸ್ಯವಿಜ್ಞಾನಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮೇಷ್ಟ್ರು. ಒಂದು ರಾತ್ರಿ ಅಪ್ಪನ ಪುಸ್ತಕ, ಮಾರನೇ ರಾತ್ರಿ ಮಗನದು. ಈ ಒಪ್ಪಂದಕ್ಕೆ ತಾತ, ಮೊಮ್ಮಗಳು ಇಬ್ಬರೂ ಒಪ್ಪಿದರು.

ಡಿವಿಜಿ ಅಂದರೆ ಎಲ್ಲರಿಗೂ ಕಗ್ಗ. ಮದುವೆ ಭಾಷಣದಲ್ಲೂ ಕಗ್ಗ, ಬೆಳಗಿನ ವಾಟ್ಸಾಪ್ಪಿನಲ್ಲೂ ಕಗ್ಗ. ನನಗೆ ಕಗ್ಗದ ಮೇಲೆ ಗೌರವ ಇದೆ, ಆದರೆ ಮನೆಯಲ್ಲಿ ಕೂತು ಓದೋಕೆ ಅವರ ‘ಜ್ಞಾಪಕ ಚಿತ್ರಶಾಲೆ’ಗೆ ಸಮ ಇಲ್ಲ. ಅದರಲ್ಲಿ ದಿವಾನರು, ವೈದಿಕರು, ಸಂಗೀತಗಾರರು, ಹೆಸರೇ ಕೇಳದ ಸಾಮಾನ್ಯರು ಎಲ್ಲರೂ ಬರುತ್ತಾರೆ. ಮೈಸೂರಿನ ದಿವಾನರ ಸಂಪುಟ ಓದುವಾಗ ಮಾವ ಕಣ್ಣು ಮುಚ್ಚಿಕೊಂಡು ಕೇಳೋರು. ನಿದ್ದೆ ಬಂತೇನೋ ಅಂತ ನಾನು ನಿಲ್ಲಿಸಿದರೆ, "ಯಾಕಮ್ಮಾ, ಮುಂದೆ ಓದು" ಅನ್ನೋರು.

ಸ್ವಾಮಿಯವರದ್ದು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ನಾವು ದಿನಾ ತಿನ್ನುವ ಎಷ್ಟೊಂದು ತರಕಾರಿ, ಹಣ್ಣುಗಳು ಅಮೆರಿಕ ಖಂಡದಿಂದ ಬಂದವು ಅನ್ನೋ ಕಥೆ. ಅವತ್ತು ಊಟಕ್ಕೆ ಟೊಮೆಟೊ ಸಾರು, ಆಲೂಗಡ್ಡೆ ಪಲ್ಯ ಆಗಿತ್ತು. ಒಗ್ಗರಣೆಗೆ ಒಣಮೆಣಸಿನಕಾಯಿ ಬೇರೆ. ಮೂರೂ ಹೊರಗಿನವು ಅಂದಾಗ ಮಗಳು ನಂಬಲಿಲ್ಲ. ಹಾಗಾದರೆ ಅದಕ್ಕೆ ಮುಂಚೆ ಖಾರಕ್ಕೆ ಏನು ಹಾಕ್ತಿದ್ರು ಅಂತ ಕೇಳಿದಳು. ಬಾಗಿಲ ಹತ್ತಿರ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: "ಮೆಣಸು ಹಾಕ್ತಿದ್ರು. ತಿಥಿ ಅಡುಗೆಗೆ ಈಗಲೂ ಮೆಣಸೇ ಅಲ್ವೇನೇ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಯಾವುದೂ ಹಾಕಲ್ಲ. ನಮ್ಮತ್ತೆ ಹೇಳಿಕೊಟ್ಟಿದ್ದು."

ಎಲ್ಲರೂ ಅವರ ಕಡೆ ನೋಡಿದೆವು. ಪೋರ್ಚುಗೀಸರು ಹಡಗಿನಲ್ಲಿ ಮೆಣಸಿನಕಾಯಿ ತಂದದ್ದು ಪುಸ್ತಕದ ಮಾತು. ಹೊಸ ಪದಾರ್ಥ ಬಂದು ಶತಮಾನಗಳಾದರೂ ಹಿರಿಯರ ದಿನದ ಅಡುಗೆಗೆ ಅದನ್ನು ಬಿಟ್ಟುಕೊಳ್ಳದೆ ಉಳಿಸಿಕೊಂಡದ್ದು ಅಡುಗೆಮನೆಯ ಮಾತು. ಅತ್ತೆ ಅಲ್ಲಿಯವರೆಗೆ ಓದಿನ ಹೊತ್ತಿನಲ್ಲಿ ಸುಮ್ನೆ ಇರುತ್ತಿದ್ದರು. ಆಮೇಲೆ ಅವರ ಮಾತೇ ಜಾಸ್ತಿಯಾಯಿತು, ನನಗೆ ಬೇಕಾಗಿದ್ದೂ ಅದೇ.

ಮಗಳು ಅಷ್ಟಕ್ಕೆ ಬಿಡಲಿಲ್ಲ. ನಮ್ಮ ತಾರಸಿಯ ಕುಂಡದಲ್ಲಿ ಬದನೆ, ಟೊಮೆಟೊ, ಮೆಣಸಿನಕಾಯಿ ಗಿಡ ಇದ್ದವು. ಮೂರರ ಹೂವನ್ನೂ ಬಿಳಿ ಹಾಳೆಯ ಮೇಲೆ ಇಟ್ಟು ಲೆನ್ಸಿನಲ್ಲಿ ನೋಡಿದಳು. ಬದನೆಯದು ನೇರಳೆ, ಟೊಮೆಟೊದು ಹಳದಿ, ಮೆಣಸಿನಕಾಯಿಯದು ಬಿಳಿ. ಬಣ್ಣ ಬಿಟ್ಟರೆ ಮೂರೂ ನಕ್ಷತ್ರದ ಆಕಾರ, ನಡುವೆ ಕೇಸರಗಳ ಗುಂಪು. ಬದನೆ ನಮ್ಮ ಕಡೆಯದು, ಉಳಿದೆರಡು ಸಮುದ್ರ ದಾಟಿ ಬಂದವು, ಆದರೂ ಮೂರೂ ಒಂದೇ ಕುಟುಂಬ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಸೊಲನೇಸಿ ಅನ್ನೋ ಹೆಸರು ಅವತ್ತು ಅವಳ ಕೈಗೆ ಸಿಕ್ಕಿತು. ‘ಹಸುರು ಹೊನ್ನು’ವಿನಲ್ಲಿ ಸ್ವಾಮಿ ತಾವೇ ಬರೆದ ಗಿಡಗಳ ಚಿತ್ರಗಳಿವೆ. ಅವನ್ನು ನೋಡಿ ಅವಳೂ ಬದನೆ ಹೂವಿನ ಚಿತ್ರ ಬಿಡಿಸಿದಳು.

ಈ ಓದಿನಿಂದ ರಾಜಕೀಯದ ಜಗಳಕ್ಕೆ ಏನಾಯಿತು ಅನ್ನೋದನ್ನೂ ಹೇಳಬೇಕು. ನನ್ನ ಗಂಡನಿಗೂ ಮಾವನವರಿಗೂ ಬೇರೆ ಬೇರೆ ಪಕ್ಷ. ಫೋನಿನಲ್ಲಿ ಬಂದದ್ದನ್ನು ಒಬ್ಬರಿಗೊಬ್ಬರು ತೋರಿಸಿ ಊಟದ ಹೊತ್ತಿಗೆ ಮುಖ ಊದಿಸಿಕೊಳ್ಳುವುದು ನಡೆದೇ ಇತ್ತು. ಮಗಳು ಗಿಡದ ವಿಷಯಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದಳು. ನಂಬಿಕೆ ಬಾರದ ಮಾತು ಬಂದರೆ ಅದರಲ್ಲಿ ಬರೆದುಕೊಳ್ಳುವುದು, ರಜೆಯ ದಿನ ಹುಡುಕಿ ನೋಡುವುದು. ರಾಜಕೀಯದ ಮಾತೂ ಅದೇ ಬುಕ್ಕಿಗೆ ಹೋಗಲಿ ಅಂತ ನಾನು ಹಟ ಹಿಡಿದೆ. ಯಾರು ಹೇಳಿದ್ದು, ಎಲ್ಲಿ ಬರೆದಿದೆ? ತೋರಿಸಲು ಆಗದಿದ್ದರೆ ಅವತ್ತಿಗೆ ಮಾತು ಅಲ್ಲಿಗೇ ನಿಲ್ಲಬೇಕು.

ಹೀಗೆ ಬುಕ್ಕಿಗೆ ಹೋದ ಒಂದು ಮಾತು ಬೆಂಗಳೂರು ಪಾಲಿಕೆ ಚುನಾವಣೆಯದು. ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದಿತ್ತು, ವರ್ಷಗಳು ಕಳೆದರೂ ಚುನಾವಣೆ ಬಂದಿರಲಿಲ್ಲ. ನಿಮ್ಮ ಪಕ್ಷದ ತಪ್ಪು ಅಂತ ಇವರು, ನಿಮ್ಮದೇ ಅಂತ ಮಾವ. ಸಂವಿಧಾನದ ಕನ್ನಡ ಪ್ರತಿ ತಂದು 243ಯು ವಿಧಿ ಓದಿದೆ. 1992ರ 74ನೇ ತಿದ್ದುಪಡಿಯಲ್ಲಿ ಬಂದದ್ದು ಅದು. ನಗರಸಭೆಯ ಅವಧಿ ಐದು ವರ್ಷ, ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. ಈ ನಡುವೆ ಇಬ್ಬರ ಪಕ್ಷವೂ ರಾಜ್ಯದಲ್ಲಿ ಅಧಿಕಾರದಲ್ಲಿತ್ತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮಾವ, ದಿವಾನ ರಂಗಾಚಾರ್ಲು 1881ರಲ್ಲೇ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕೂರಿಸಿದ್ದರು, ಜನ ಬಂದು ದಿವಾನರ ಮುಂದೆ ಕಷ್ಟ ಹೇಳಿಕೊಳ್ಳುತ್ತಿದ್ದರು, ಈಗ ನಮ್ಮ ಬೀದಿ ಚರಂಡಿಗೆ ಯಾರ ಹತ್ತಿರ ಹೋಗೋದು ಅಂದರು. ಇವರು ಹೌದಪ್ಪ ಅಂದರು. ಅಪ್ಪ ಮಗ ರಾಜಕೀಯದಲ್ಲಿ ಒಂದೇ ಕಡೆ ನಿಂತದ್ದನ್ನು ನಾನು ನೋಡಿದ್ದು ಅವತ್ತೇ.

ಎಲ್ಲಾ ಸಲ ಹೀಗೆ ಆಗಲ್ಲ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯ ಅಂತ 51ಎ ವಿಧಿಯಲ್ಲಿ ಇದೆ ಎಂದು ಮಗಳು ಖುಷಿಯಿಂದ ಓದಿದಳು. ಅದು 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿಯಲ್ಲಿ ಸೇರಿದ್ದು ಅಂತ ಮಾವ ತೆಗೆದರು. ಜನರ ಬಾಯಿ ಮುಚ್ಚಿಸಿದ ಕಾಲದಲ್ಲಿ ಪ್ರಶ್ನೆ ಕೇಳೋದು ಕರ್ತವ್ಯ ಅಂತ ಬರೆದಿಟ್ಟರಲ್ಲ ಅನ್ನೋದು ಅವರ ಸಿಟ್ಟು. ಬರೆದವರು ಯಾರಾದರೇನು, ಮಾತು ಒಳ್ಳೇದಲ್ವಾ ತಾತ ಅಂತ ಅವಳು. ನಾನು ಅವಳ ಕಡೆ. ಆ ಚರ್ಚೆ ಇನ್ನೂ ಮುಗಿದಿಲ್ಲ, ನೋಟ್‌ಬುಕ್ಕಿನಲ್ಲಿ ಅದರ ಮುಂದಿನ ಜಾಗ ಖಾಲಿ ಇದೆ.

ಶುರು ಮಾಡುವವರಿಗೆ ಇಷ್ಟು ಹೇಳಬಲ್ಲೆ. ಟೀವಿ ಆಫ್ ಆಗಲೇಬೇಕು, ಫೋನುಗಳು ಬೇರೆ ರೂಮಿನಲ್ಲಿರಲಿ. ಓದುವಾಗ ಯಾರಾದರೂ ಮಧ್ಯೆ ಬಾಯಿ ಹಾಕಿದರೆ ತಡೆಯಬೇಡಿ. ಅರ್ಧ ಪುಟಕ್ಕೇ ಅರ್ಧ ಗಂಟೆ ಹೋದರೂ ಸರಿಯೇ. ಡಿವಿಜಿಯವರ ಕನ್ನಡ ಮಕ್ಕಳಿಗೆ ಕಷ್ಟ, ನಿಲ್ಲಿಸಿ ನಿಲ್ಲಿಸಿ ಓದಬೇಕು. ಮಕ್ಕಳು ತೀರಾ ಚಿಕ್ಕವರಾದರೆ ತೇಜಸ್ವಿಯವರ ‘ಕರ್ವಾಲೊ’ದಿಂದ ಹಿಡಿಯಿರಿ, ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಕಥೆ ಅದು, ಯಾರೂ ಎದ್ದು ಹೋಗಲ್ಲ. ಕಾರಂತರ ‘ವಿಜ್ಞಾನ ಪ್ರಪಂಚ’ ನಾಲ್ಕು ಸಂಪುಟ, 1959ರಷ್ಟು ಹಳೆಯದು, ಅದರಲ್ಲಿ ಈಗ ಬದಲಾಗಿರುವ ಸಂಗತಿಗಳನ್ನು ಮಕ್ಕಳೇ ಹುಡುಕಿ ಹೇಳಲಿ ಅಂತ ಬಿಡಬಹುದು. ನಾವು ಮುಂದೆ ಹಿಡಿಯುವುದು ಅದನ್ನೇ. ಮೊದಲ ಸಂಪುಟ ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿದೆ, ಉಳಿದ ಮೂರು ಹುಡುಕಬೇಕು.