ನಾನು ವೆಬ್ ಡಿಸೈನ್‌ಗೆ ಬಂದದ್ದು ಹೀಗೆ

ಎರಡು ಸಾವಿರ ಬ್ರೋಷರ್ ಅಚ್ಚಾಗಿ ಬಂದಿದ್ದವು. ಬಂಡಲ್ ಬಿಚ್ಚಿ ಮೊದಲನೆಯದನ್ನು ಕೈಗೆತ್ತಿಕೊಂಡ ಕೂಡಲೇ ಕಣ್ಣಿಗೆ ಬಿತ್ತು. ಫೋನ್ ನಂಬರಿನಲ್ಲಿ ಎರಡು ಅಂಕಿ ಹಿಂದುಮುಂದಾಗಿದ್ದವು. ಪ್ರೂಫ್ ನೋಡಿದವನು ನಾನೇ, ಅದೂ ಮೂರು ಸಲ. ಇನ್ನೇನು ಮಾಡುವುದು? ಸರಿಯಾದ ನಂಬರಿನ ಚಿಕ್ಕ ಸ್ಟಿಕರ್ ಮಾಡಿಸಿ, ಎರಡು ದಿನ ಕೂತು ಒಂದೊಂದಕ್ಕೂ ಅಂಟಿಸಿದೆ. ಕಾಗದ ಕೆನೆಬಣ್ಣ, ಸ್ಟಿಕರ್ ಬಿಳಿ. ವಾರಗಟ್ಟಲೆ ಕೂತು ಹೊಂದಿಸಿದ ಬಣ್ಣಗಳ ನಡುವೆ ಆ ಬಿಳಿ ತೇಪೆ ಇವತ್ತಿಗೂ ಕಣ್ಣ ಮುಂದಿದೆ.

ಆ ಹೊತ್ತಿಗೆ ನಾನು ಪ್ರಿಂಟ್ ಡಿಸೈನ್ ಮಾಡುತ್ತಾ ನಾಲ್ಕು ವರ್ಷವಾಗಿತ್ತು. ಆ ಕೆಲಸದ ಮೇಲೆ ನನಗೆ ಬೇಸರವೇನೂ ಇರಲಿಲ್ಲ. ಈಗಲೂ ಚೆನ್ನಾಗಿ ಅಚ್ಚಾದ ಪುಟ ಕಂಡರೆ ಬೆರಳಾಡಿಸದೆ ಬಿಡುವುದಿಲ್ಲ. ಆದರೆ ಮಷಿನ್ ಹತ್ತಿದ ಮೇಲೆ ಆ ಕೆಲಸಕ್ಕೂ ನನಗೂ ಸಂಬಂಧ ಮುಗಿದುಹೋಗುತ್ತಿತ್ತು. ಓದುವವರ ಕೈಗೆ ಹೋದ ಮೇಲೆ ಅದು ಏನಾಯಿತು ಅಂತ ತಿಳಿಯುತ್ತಿರಲಿಲ್ಲ. ತಿಳಿದರೂ ಏನೂ ಮಾಡುವ ಹಾಗಿರಲಿಲ್ಲ. ಅದು ಒಳಗೊಳಗೇ ಕೊರೆಯುತ್ತಿತ್ತು.

ಒಂದು ಸಂಜೆ ಗೆಳೆಯನೊಬ್ಬ ನಾನು ಓದುತ್ತಿದ್ದ ವೆಬ್ ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ ಅದರ ಕೋಡ್ ತೆರೆದು ತೋರಿಸಿದ. "ಇಲ್ಲಿ ಅಕ್ಷರದ ಸೈಜ್ ಇದೆ ನೋಡು, ಬದಲಾಯಿಸು" ಅಂದ. 32 ಇದ್ದದ್ದನ್ನು 64 ಮಾಡಿದೆ. ತಲೆಬರಹ ದೊಡ್ಡದಾಯಿತು, ಒಂದು ಸಾಲು ಇದ್ದದ್ದು ಎರಡು ಸಾಲಾಯಿತು. ಕೆಳಗಿನ ಬರಹವೆಲ್ಲ ತಾನಾಗಿಯೇ ಕೆಳಗೆ ಸರಿದು ಜಾಗ ಬಿಟ್ಟುಕೊಟ್ಟಿತು. ಪ್ರಿಂಟ್‌ನಲ್ಲಾದರೆ ಅಷ್ಟನ್ನೂ ನಾನೇ ಒಂದೊಂದಾಗಿ ಸರಿಸಬೇಕಿತ್ತು. ಪುಟಕ್ಕೆ ಜೀವ ಇದೆ ಅನ್ನಿಸಿದ್ದು ಆವತ್ತೇ. ಇನ್ನೊಂದು ವಿಷಯವೂ ಮನಸ್ಸಿಗೆ ಹತ್ತಿತು. ಯಾರೋ ಕಷ್ಟಪಟ್ಟು ಮಾಡಿದ ಕೆಲಸವನ್ನು ಒಳಗಡೆ ಹೇಗೆ ಕಟ್ಟಿದ್ದಾರೆ ಅಂತ ಯಾರು ಬೇಕಾದರೂ ತೆರೆದು ನೋಡಬಹುದು. ಇಷ್ಟು ಬಿಚ್ಚುಮನಸ್ಸಿನ ಕಸುಬು ನನಗೆ ಬೇರೆ ಗೊತ್ತಿಲ್ಲ. ನಾನು ಕಲಿತದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೀಗೇ, ಬೇರೆಯವರ ಪುಟ ತೆರೆದು ನೋಡಿಯೇ.

ಆಮೇಲೆ ಸಿಎಸ್‌ಎಸ್ ಜೆನ್ ಗಾರ್ಡನ್ ಅನ್ನುವ ವೆಬ್‌ಸೈಟ್ ನೋಡಿದೆ. ಡೇವ್ ಶೇ ಅನ್ನುವ ಡಿಸೈನರ್ 2003ರಲ್ಲಿ ಶುರು ಮಾಡಿದ್ದು. ಅಲ್ಲಿ ಬರಹವೂ ಎಚ್‌ಟಿಎಂಎಲ್ (ಯಾವುದು ತಲೆಬರಹ, ಯಾವುದು ಪ್ಯಾರಾ ಅಂತ ಹೇಳುವ ಕೋಡ್) ಕೂಡ ಒಂದೇ, ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಬಣ್ಣ, ಅಕ್ಷರ, ಜೋಡಣೆ ಹೇಗಿರಬೇಕು ಅಂತ ಹೇಳುವ ಸಿಎಸ್‌ಎಸ್ ಫೈಲ್ ಮಾತ್ರ ಒಬ್ಬೊಬ್ಬರದು ಒಂದೊಂದು. ಅಷ್ಟರಲ್ಲೇ ಒಂದು ಪುಟ ಹಳೇ ಪುಸ್ತಕದ ಹಾಗೆ ಕಂಡರೆ ಇನ್ನೊಂದು ಪೋಸ್ಟರಿನ ಹಾಗೆ ಕಾಣುತ್ತಿತ್ತು. ಒಂದೇ ಮಾತನ್ನು ನೂರು ಥರ ತೋರಿಸಬಹುದಲ್ವಾ, ಹಾಗಾದರೆ ಅದರಲ್ಲಿ ಯಾವುದು ಸರಿ? ಈ ಪ್ರಶ್ನೆ ನನ್ನನ್ನು ಹಿಡಿದುಬಿಟ್ಟಿತು. ಆ ಎಚ್‌ಟಿಎಂಎಲ್ ಇಳಿಸಿಕೊಂಡು ದಿನಾ ರಾತ್ರಿ ಅದರ ಮೇಲೆ ಕೆಲಸ ಮಾಡಿದೆ. ಮೂರು ಬೇರೆ ಬೇರೆ ರೂಪ ಕೊಟ್ಟೆ. ಮೂರನೆಯದು ಮುಗಿಯುವ ಹೊತ್ತಿಗೆ ಇದೇ ನನ್ನ ಕೆಲಸ ಅಂತ ನಿರ್ಧಾರವಾಗಿತ್ತು.

ಶುರುವಿನಲ್ಲಿ ನಾನು ಮಾಡಿದ ದೊಡ್ಡ ತಪ್ಪೂ ಪ್ರಿಂಟ್‌ನಿಂದ ಬಂದದ್ದೇ. ಪರದೆಯನ್ನು ಕಾಗದ ಅಂದುಕೊಂಡಿದ್ದೆ. ಅಗಲ 960 ಪಿಕ್ಸೆಲ್ ಅಂತ ಗೆರೆ ಎಳೆದು, ಎಲ್ಲವನ್ನೂ ಅಳತೆಗೆ ಸರಿಯಾಗಿ ಕೂರಿಸುತ್ತಿದ್ದೆ. ನನ್ನ ಕಂಪ್ಯೂಟರಿನಲ್ಲಿ ಅದು ಮುತ್ತು ಪೋಣಿಸಿದ ಹಾಗೆ ಕಾಣುತ್ತಿತ್ತು. ಫೋನಿನಲ್ಲಿ ತೆರೆದರೆ ಅಕ್ಷರಗಳು ಸಾಸಿವೆ ಕಾಳಿನಷ್ಟು. ಈಥನ್ ಮಾರ್ಕಾಟ್ ಅನ್ನುವ ಡಿಸೈನರ್ 2010ರಲ್ಲಿ ರೆಸ್ಪಾನ್ಸಿವ್ ವೆಬ್ ಡಿಸೈನ್ ಅಂತ ಹೆಸರಿಟ್ಟು ವಿವರಿಸಿದ ದಾರಿ ಆಗ ನನ್ನ ಕೈ ಹಿಡಿಯಿತು. ಅಗಲವನ್ನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕದೆ ಶೇಕಡಾ ಲೆಕ್ಕದಲ್ಲಿ ಇಡುವುದು, ಚಿತ್ರಗಳು ಜಾಗಕ್ಕೆ ತಕ್ಕಂತೆ ಕುಗ್ಗಲು ಬಿಡುವುದು, ಪರದೆ ಚಿಕ್ಕದಾದಾಗ ಪುಟದ ಜೋಡಣೆ ಬದಲಾಯಿಸುವುದು. ಕೇಳಲು ಸುಲಭ. ಆದರೆ ಅಂಚು ಎಲ್ಲಿದೆ ಅಂತ ನಾನು ಹೇಳುವ ಹಾಗಿಲ್ಲ ಅನ್ನುವುದನ್ನು ಒಪ್ಪಿಕೊಳ್ಳಲು ನನಗೆ ಸುಮಾರು ಒಂದು ವರ್ಷ ಹಿಡಿಯಿತು. ಮಜಾ ಏನೆಂದರೆ, 1991ರ ಮೊಟ್ಟಮೊದಲ ವೆಬ್‌ಸೈಟಿನ ಪುಟದಲ್ಲಿ ಅಗಲವನ್ನೇ ಹೇಳಿರಲಿಲ್ಲ. ಅದು ಯಾವ ಪರದೆಗೆ ಬೇಕಾದರೂ ಹೊಂದಿಕೊಳ್ಳುತ್ತದೆ. ಕಟ್ಟುಪಾಡು ಹಾಕಿದವರು ನಾವೇ, ನನ್ನಂಥ ಡಿಸೈನರ್‌ಗಳು.

ಕನ್ನಡದಲ್ಲಿ ಕೆಲಸ ಮಾಡಲು ಶುರು ಮಾಡಿದಾಗ ಇನ್ನೊಂದು ಪಾಠ. ಒಂದು ಫಾರಂನ ಕೊನೆಯಲ್ಲಿ "ಒಪ್ಪಿಗೆ" ಅನ್ನುವ ಬಟನ್ ಇಟ್ಟಿದ್ದೆ. ಫೋನಿನಲ್ಲಿ ನೋಡಿದರೆ "ಒಪಿಗೆ" ಅಂತ ಕಾಣುತ್ತಿತ್ತು. ಬಟನ್‌ನ ಎತ್ತರವನ್ನು ಇಂಗ್ಲಿಷ್ ಅಕ್ಷರದ ಲೆಕ್ಕದಲ್ಲಿ ಬಿಗಿಯಾಗಿ ಕಟ್ಟಿದ್ದೆ, ಅದಕ್ಕೇ ಕೆಳಗೆ ಇಳಿಯುವ ಪ ಒತ್ತು ಕತ್ತರಿಸಿಹೋಗಿತ್ತು. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು ಇದೆ, ಕೆಳಗೆ ಒತ್ತು ಇದೆ, "ರಾಷ್ಟ್ರ"ದಂಥ ಪದದಲ್ಲಿ ಒತ್ತಿನ ಜೊತೆ ಇನ್ನೊಂದು ಒತ್ತು. ಎರಡೂ ಕಡೆ ಉಸಿರಾಡಲು ಜಾಗ ಬೇಕು. ಆವತ್ತಿನಿಂದ ಕನ್ನಡ ಬರಹಕ್ಕೆ ಸಾಲಿನ ಎತ್ತರ ಅಕ್ಷರದ 1.7 ಪಟ್ಟು ಇಡುತ್ತೇನೆ, ಬಟನ್‌ಗೆ ಎತ್ತರ ನಿಗದಿ ಮಾಡುವುದೇ ಇಲ್ಲ. ಒಳಗಿನ ಪದ ಎಷ್ಟು ಕೇಳುತ್ತದೋ ಅಷ್ಟು ಜಾಗ.

ಇಷ್ಟೆಲ್ಲ ಆದರೂ, ಈ ಕೆಲಸ ನನಗೆ ಯಾಕೆ ಬೇಕು ಅಂತ ಪೂರ್ತಿ ಅರ್ಥವಾದದ್ದು ಒಬ್ಬ ಹಿರಿಯ ಹೆಂಗಸಿನ ಪಕ್ಕದಲ್ಲಿ ಕೂತಾಗ. ನಾನು ಮಾಡಿದ್ದ ಅರ್ಜಿಯ ಪುಟವನ್ನು ಅವರು ತುಂಬಿಸುತ್ತಿದ್ದರು, ನಾನು ಸುಮ್ನೆ ನೋಡುತ್ತಿದ್ದೆ. ಪುಟ ಹಗುರವಾಗಿ ಕಾಣಲಿ ಅಂತ ಹೆಸರು, ವಿಳಾಸ ಅನ್ನುವ ಪದಗಳನ್ನು ಖಾಲಿ ಜಾಗದ ಒಳಗೇ ತೆಳು ಬೂದು ಬಣ್ಣದಲ್ಲಿ ಇಟ್ಟಿದ್ದೆ. ಅವರು ಫೋನನ್ನು ದೂರ ಹಿಡಿದರು, ಹತ್ತಿರ ತಂದರು, ಕಿಟಕಿಯ ಬೆಳಕಿಗೆ ತಿರುಗಿಸಿದರು. ಒಂದಕ್ಷರ ಒತ್ತಿದ ಕೂಡಲೇ ಒಳಗಿನ ಪದ ಮಾಯವಾಯಿತು. "ಇಲ್ಲಿ ಏನು ಕೇಳಿದ್ದರಪ್ಪಾ?" ಅಂತ ನನ್ನ ಮುಖ ನೋಡಿದರು. ಅವರ ದನಿಯಲ್ಲಿ ತಪ್ಪು ತಮ್ಮದೇ ಅನ್ನುವ ಸಂಕೋಚವಿತ್ತು. ತಪ್ಪು ನನ್ನದಾಗಿತ್ತು.

ಆ ಬೂದು ಬಣ್ಣದ ಕೋಡ್ #999999. ಬಿಳಿಯ ಮೇಲೆ ಅದರ ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅನುಪಾತ, 2.85. ಸಾಮಾನ್ಯ ಗಾತ್ರದ ಬರಹಕ್ಕೆ ಕನಿಷ್ಠ 4.5 ಇರಬೇಕು ಅಂತ ವೆಬ್‌ನ ನಿಯಮಗಳೇ ಹೇಳುತ್ತವೆ. #767676 ಇಟ್ಟರೆ 4.54 ಬರುತ್ತದೆ. ಕಣ್ಣಿಗೆ ಒಂದು ಚೂರು ಗಾಢ, ಅಷ್ಟೇ ವ್ಯತ್ಯಾಸ. ನಾನು ಇನ್ನೂ ಗಾಢ ಮಾಡಿದೆ. ಪದಗಳನ್ನು ಖಾಲಿ ಜಾಗದ ಒಳಗಿನಿಂದ ತೆಗೆದು ಮೇಲೆ ಇಟ್ಟೆ, ಬರೆಯುವಾಗಲೂ ಕಾಣುವ ಹಾಗೆ. ಇದೆಲ್ಲ ಅದೇ ಸಂಜೆ. ರಾತ್ರಿ ಊಟದ ಹೊತ್ತಿಗೆ ಆ ಪುಟ ತೆರೆದ ಪ್ರತಿಯೊಬ್ಬರಿಗೂ ಸರಿಯಾದದ್ದೇ ಕಾಣುತ್ತಿತ್ತು. ಸ್ಟಿಕರ್ ಇಲ್ಲ, ತೇಪೆ ಇಲ್ಲ. ಆವತ್ತು ನನಗೆ ಆದ ಸಮಾಧಾನವನ್ನು ಯಾವ ಬಹುಮಾನಕ್ಕೂ ಹೋಲಿಸಲಾರೆ.

ರೆಡಿಮೇಡ್ ಟೆಂಪ್ಲೇಟ್ ಇರುವಾಗ ನಿಮ್ಮ ಕೆಲಸ ಯಾಕೆ ಅಂತ ಕೆಲವರು ಕೇಳುತ್ತಾರೆ. ಟೆಂಪ್ಲೇಟ್‌ಗಳನ್ನು ನಾನೂ ಬಳಸುತ್ತೇನೆ. ಆದರೆ ಆ ಹೆಂಗಸು ಪುಟಕ್ಕೆ ಬಂದದ್ದು ಏನು ಹುಡುಕಿಕೊಂಡು, ಎಲ್ಲಿ ತಡವರಿಸಿದರು ಅನ್ನುವುದು ಟೆಂಪ್ಲೇಟ್‌ಗೆ ಗೊತ್ತಿರುವುದಿಲ್ಲ. ಪಕ್ಕದಲ್ಲಿ ಕೂತು ನೋಡಿದವರಿಗೆ ಮಾತ್ರ ಗೊತ್ತಿರುತ್ತದೆ. ನನ್ನ ಮಟ್ಟಿಗೆ ಈ ಕಸುಬಿನ ಕಲೆ ಇರುವುದು ಅಲ್ಲಿಯೇ.

ಈಗ ಯಾವುದೇ ಪುಟ ಶುರು ಮಾಡುವಾಗ ಮೊದಲು ಬಣ್ಣ, ಫಾಂಟ್ ಏನೂ ಇಲ್ಲದೆ ಬರಿ ಎಚ್‌ಟಿಎಂಎಲ್ ಇಟ್ಟು ಮೇಲಿನಿಂದ ಕೆಳಗೆ ಓದುತ್ತೇನೆ. ಓದಿ ಅರ್ಥವಾದರೆ ಮಾತ್ರ ಮುಂದಿನ ಕೆಲಸ. ಕೊನೆಗೆ ಮೌಸ್ ಪಕ್ಕಕ್ಕಿಟ್ಟು, ಕೀಬೋರ್ಡಿನ ಟ್ಯಾಬ್ ಕೀ ಒಂದರಲ್ಲೇ ಇಡೀ ಪುಟ ದಾಟುತ್ತೇನೆ. ಕೈ ನಡುಗುವವರು, ಕಣ್ಣು ಕಾಣದವರು ಎಷ್ಟೋ ಜನ ಮೌಸ್ ಇಲ್ಲದೆ ಕೀಬೋರ್ಡಿನಲ್ಲೇ ಓಡಾಡುವುದು. ಈಗ ಎಲ್ಲಿದ್ದೇವೆ ಅಂತ ತೋರಿಸಲು ಬಟನ್ ಸುತ್ತ ಒಂದು ಗೆರೆ ಮೂಡುತ್ತದೆ. ನೋಡಲು ಚೆನ್ನಾಗಿಲ್ಲ ಅಂತ ತುಂಬಾ ಜನ ಅದನ್ನು ತೆಗೆದುಬಿಡುತ್ತಾರೆ. ನಿನ್ನೆ ಒಂದು ಪುಟದಲ್ಲಿ ಆ ಗೆರೆಗೆ ಯಾವ ಬಣ್ಣ ಅಂತ ಇಡೀ ಮಧ್ಯಾಹ್ನ ಕೂತು ನೋಡಿದೆ. ಕೊನೆಗೆ ಕಡು ನೀಲಿ ಇಟ್ಟೆ, ಮೂರು ಪಿಕ್ಸೆಲ್ ದಪ್ಪ.